ಮೂರನೇ ಪ್ರೆಸ್ಸಿನ ಹಿಂದೆ ಕೇಳಿಸಿದ ಮಾತು

“ಓ, ನೀವಾ ಮೇಡಮ್! ಅವತ್ತು ಏನೂ ಕೇಳುಸ್ನಿಲ್ಲ ಅಂದೋರು ನೀವೇ ಅಲ್ವಾ?”

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ನಾನು ಹಿಂದೆ ಕೆಲಸ ಮಾಡಿದ್ದ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿಯ ಚೆಲುವಣ್ಣ ನನ್ನನ್ನು ಗುರುತು ಹಿಡಿದದ್ದು ಹೀಗೆ. ದನಿಯಲ್ಲಿ ಕುಹಕವಿರಲಿಲ್ಲ. ಬಹಳ ದಿನದ ಮೇಲೆ ಕಂಡವರನ್ನು ‘ನೀವು ಆ ಕೊನೆಮನೆಯವರಲ್ಲವೇ’ ಎಂದು ಕೇಳುವ ಹಾಗೆ ಕೇಳಿದ. ಈಗ ನಾನು ಮಾಗಡಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ಸಹಾಯಕಿ. ಹಳೆಯ ಕೆಲಸದ ಸರ್ವಿಸ್ ಸರ್ಟಿಫಿಕೇಟ್ ಬೇಕು ಎಂದಿದ್ದರು. ಅದನ್ನು ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೊರಡುವ ಯೋಚನೆಯಲ್ಲಿ ಬಂದಿದ್ದೆ.

“ನಾನು ಹಾಗೆ ಹೇಳಲಿಲ್ಲ ಚೆಲುವಣ್ಣ. ಯಾರು ಹೇಳಿದ್ದು ನಿನಗೆ?”

“ಎಲ್ರೂ ಅಂತಾರೆ. ಎಚ್‌ಆರ್ ಸಾರೇ ಗೌರಮ್ಮುಂಗೆ ಇಲ್ಲೇ ನಿಂತ್ಕಂಡು ಹೇಳಿದ್ರಲ್ಲ. ‘ಇದ್ದಿದ್ದೇ ಒಂದು ಸಾಕ್ಷಿ, ಅವ್ರಿಗೂ ಏನೂ ಕೇಳ್ಸಿಲ್ವಂತೆ, ಇನ್ನೇನು ಮಾಡೋದಮ್ಮ’ ಅಂತ. ಪಾಪ, ಆಯಮ್ಮ ಬುತ್ತಿ ಚೀಲ ಹಿಡ್ಕಂಡು ನಿಂತೇ ಇದ್ಲು. ಆಮ್ಯಾಕೆ ಹೊಂಟೋದ್ಲು.”

ಅದೇ ಹೊತ್ತಿಗೆ ಒಳಗಡೆ ಯಾವುದೋ ಅಚ್ಚು ತೆರೆದಿರಬೇಕು. ಬಿಸಿ ಥರ್ಮೊಕೋಲಿನ ವಾಸನೆ ಗೇಟಿನವರೆಗೂ ಬಂತು. ಸೀಮೆಎಣ್ಣೆಗೂ ಬೆಲ್ಲದ ಪಾಕಕ್ಕೂ ನಡುವಿನ ವಾಸನೆ ಅದು. ಅದರ ಹಿಂದೆಯೇ ಸ್ಟೀಮ್ ಬಿಟ್ಟ ಸದ್ದು. ನಾನು ಗೋಡೆಗೆ ಕೈ ಕೊಟ್ಟು ನಿಂತೆ. ಎರಡು ಮಳೆಗಾಲ ಕಳೆದಿವೆ. ಇಂದಿಗೂ ಹೋಟೆಲುಗಳಲ್ಲಿ ಇಡ್ಲಿ ಬೇಯುವ ಪಾತ್ರೆಗೆ ಬೆನ್ನು ಹಾಕಿ ಕೂರುತ್ತೇನೆ. ಇಷ್ಟು ದಿನ ನಾನು ಒಂದು ಮಾತನ್ನು ನಂಬಿಕೊಂಡಿದ್ದೆ: ಏನಾದರೂ ಆಗಲಿ, ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ್ದೇನೆ, ಅದು ಗೌರಮ್ಮನಿಗೂ ತಿಳಿದಿದೆ ಎಂದು. ಅವರಿಗೆ ತಿಳಿಸಲಾದದ್ದು ಬೇರೆಯೇ ಎಂದು ಗೊತ್ತಾದದ್ದು ಆ ಗೇಟಿನಲ್ಲಿ.

ಆ ಕಾರ್ಖಾನೆಯಲ್ಲಿ ತಯಾರಾಗುವುದು ಕಾರಿನ ದೀಪ, ಕನ್ನಡಿಗಳು ಸಾಗಣೆಯಲ್ಲಿ ಒಡೆಯದ ಹಾಗೆ ಸುತ್ತ ಕೂರಿಸುವ ಬಿಳಿ ಥರ್ಮೊಕೋಲ್ ಪೆಟ್ಟಿಗೆಗಳು. ಸಬ್ಬಕ್ಕಿಯಂಥ ಮಣಿಗಳನ್ನು ಲೋಹದ ಅಚ್ಚಿನಲ್ಲಿ ತುಂಬಿ ಸ್ಟೀಮ್ ಹಾಯಿಸಿದರೆ ಮಣಿಗಳು ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಅಚ್ಚಿನ ಯಂತ್ರಕ್ಕೆ ಅಲ್ಲಿ ಪ್ರೆಸ್ಸು ಎನ್ನುತ್ತಿದ್ದರು. ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿದ್ದ ನನಗೆ ಅಲ್ಲಿ ಕ್ವಾಲಿಟಿಯ ಕೆಲಸ. ಮೂರನೇ ಪ್ರೆಸ್ಸಿನ ಪಕ್ಕದಲ್ಲಿ ಗಾಜಿನ ಒಂದು ಗೂಡು, ಅದರೊಳಗೆ ತಕ್ಕಡಿ, ನಾನು. ಪೆಟ್ಟಿಗೆ ತೂಗಬೇಕು, ಮೂಲೆ ಒತ್ತಿ ನೋಡಬೇಕು, ಬಿರುಕಿದ್ದರೆ ಪಕ್ಕಕ್ಕಿಡಬೇಕು. ದಿನವಿಡೀ ಜನರ ನಡುವೆ ಇದ್ದೂ ಯಾರೊಂದಿಗೂ ಮಾತಿಲ್ಲದ ಕೆಲಸ. ರಾಮನಗರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು.

ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಗೌರಮ್ಮ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮನೆಯಲ್ಲಿ ಗಂಡ, ಅತ್ತೆ, ಹಸು, ಬೋರ್‌ವೆಲ್ಲಿನ ಒಂದಿಷ್ಟು ಹೊಲ. ವಾರವೆಲ್ಲ ರಾಮನಗರದ ತಂಗಿಯ ಮನೆಯಲ್ಲಿದ್ದು ಶನಿವಾರ ಊರಿಗೆ ಹೋಗುತ್ತಿದ್ದರು. ಸೋಮವಾರ ಬರುವಾಗ ಹುರಿಗಾಳೋ ಅವರೆಕಾಯೋ ತಂದು ನನ್ನ ಮಡಿಲಿಗೆ ಸುರಿಯುತ್ತಿದ್ದರು. “ತಿನ್ನಿ ಮೇಡಮ್ಮೋರೆ, ಆ ಗಾಜಿನ ಡಬ್ಬಿಯೊಳ್ಗೆ ನೀವೂ ಥರ್ಮಾಕೋಲಂಗೆ ಆಗೋಗೀರ. ಊದುದ್ರೆ ಹಾರೋಗಂಗೆ.” ದಿನದಲ್ಲಿ ನನ್ನ ಬಗ್ಗೆ ಯಾರಾದರೂ ಆಡುತ್ತಿದ್ದ ಮಾತು ಅದೊಂದೇ.

ನಾನು ಸೇರಿದ ಹೊಸತರಲ್ಲಿ ಕ್ಯಾಂಟೀನಿನ ಹಿಂದಿನ ಶೀಟ್ ಹೊದಿಸಿದ ಕೋಣೆಯಲ್ಲಿ ಸುರಕ್ಷತೆಯ ತರಗತಿ ನಡೆಯುತ್ತಿತ್ತು. ಹೊನ್ನಪ್ಪ ಮೇಷ್ಟ್ರು ಎಂಬುವವರು ರಾಮನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ತರಗತಿ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಮೇಷ್ಟ್ರಿಗೆ ತಮ್ಮದೇ ಕತೆ ಹೆಚ್ಚು. ಪಾಳಿ ಮುಗಿಸಿ ಬಂದವರು ಗೋಡೆಗೊರಗಿ ನಿದ್ದೆ ಹೋಗುತ್ತಿದ್ದರು. ಹೆಂಗಸರೆಲ್ಲ ಹಿಂದಿನ ಬೆಂಚಿನಲ್ಲಿ. ಗೌರಮ್ಮ ಅಲ್ಲಿ ಒಂದು ದಿನವೂ ಬಾಯಿ ಬಿಟ್ಟವರಲ್ಲ. ಏನಾದರೂ ಕೇಳಿದರೆ ಗಂಡಸರು ನಗುತ್ತಾರೆ ಎಂಬ ಅಂಜಿಕೆ. ನಗುತ್ತಲೂ ಇದ್ದರು.

ಆದರೂ ಒಂದು ದಿನದ್ದು ಮರೆಯುವುದಿಲ್ಲ. ಮೇಷ್ಟ್ರು ತೊಲೆಗೆ ರಾಟೆ ಕಟ್ಟಿ, ಮರಳಿನ ಚೀಲವನ್ನು ಮೇಲೆಳೆಸಿ, ಹಗ್ಗವನ್ನು ಲಕ್ಷ್ಮಣನ ಕೈಗೆ ಕೊಟ್ಟಿದ್ದರು. ಲಕ್ಷ್ಮಣ ಚನ್ನಪಟ್ಟಣದವನು. ಅಣ್ಣ ಮನೆಯಲ್ಲೇ ಮೋಟಾರಿನಿಂದ ತಿರುಗುವ ಪಟ್ಟಡಿಯಲ್ಲಿ ಮರದ ಬೊಂಬೆ ಕಡೆಯುತ್ತಿದ್ದ. ಇವನೂ ಅದೇ ಕೆಲಸ ಕಲಿತು, ಆಮೇಲೆ ಕಾರ್ಖಾನೆಗೆ ಬಂದವನು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಮೇಷ್ಟ್ರು “ಬಿಡು” ಎಂದರು. ಲಕ್ಷ್ಮಣ ಹಗ್ಗವನ್ನೇ ಬಿಟ್ಟ. ಚೀಲ ದೊಪ್ಪೆಂದು ಬಿದ್ದು ಮರಳೆಲ್ಲ ಮೇಷ್ಟ್ರ ಬೂಟಿನ ಮೇಲೆ.

“ಲೇ, ಬಿಡು ಅಂದ್ರೆ ಇಳ್ಸು ಅಂತ ಕಣ್ಲಾ, ಕೈ ಬುಡು ಅಂತಲ್ಲ!”

“ಹಂಗಾರೆ ಇಳ್ಸು ಅನ್ಬೇಕಪ್ಪ. ಬುಡು ಅಂದ್ರಿ, ಬುಟ್ಟೆ. ನಮ್ಮಪ್ಪನ ಮಾತ್ನೂ ಇಷ್ಟು ಬೇಗ ಕೇಳಿಲ್ಲ ನಾನು.”

ಗೋಡೆಗೊರಗಿದ್ದವರೆಲ್ಲ ಎದ್ದು ಕುಳಿತರು. ‘ಬಿಡು’ ಎಂದರೆ ಏನು ಎಂದು ಹೊತ್ತು ಮೀರಿದರೂ ಜಗಳ. ಕೊನೆಗೆ ಆ ಮಾತನ್ನೇ ರಾಟೆಯ ಹತ್ತಿರ ಆಡಕೂಡದೆಂದು ತೀರ್ಮಾನವಾಯಿತು.

ಮರುವರ್ಷ ತರಗತಿ ನಿಂತಿತು. ಅದರಿಂದ ಪ್ರೆಸ್ಸು ಸುಮ್ಮನೆ ನಿಲ್ಲುತ್ತದೆ, ಇನ್ನು ಮುಂದೆ ಪಾಠವೆಲ್ಲ ಫೋನಿನಲ್ಲಿ ಎಂದರು. ಶೀಟಿನ ಕೋಣೆಗೆ ಖಾಲಿ ರಟ್ಟಿನ ಡಬ್ಬಗಳು ಬಂದು ಸೇರಿದವು. ಫೋನಿನಲ್ಲಿ ಒಬ್ಬ ಹೆಂಗಸಿನ ಇಂಪಾದ ದನಿ, ಫಳಫಳಿಸುವ ಯಂತ್ರಗಳ ಚಿತ್ರ. ಪಾಠ ಮುಗಿದ ಮೇಲೆ ಪ್ರಶ್ನೆ, ಸರಿಯುತ್ತರ ಒತ್ತಿದರೆ ಹಸಿರು ಟಿಕ್ಕು.

ಈ ಫೋನಿನ ಪಾಠವನ್ನು ಎಲ್ಲರಿಗಿಂತ ಇಷ್ಟಪಟ್ಟವರು ಗೌರಮ್ಮ. ಬಸ್ಸಿನಲ್ಲಿ ಒಂದು ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ತುಟಿ ಆಡಿಸುತ್ತಾ, ಅರ್ಥವಾಗದ ಕಡೆ ಹಿಂದಕ್ಕೆ ಸರಿಸಿ ಮತ್ತೆ ಕೇಳುತ್ತಿದ್ದರು. “ಈಯಮ್ಮ ಎಷ್ಟು ಸಲ ಕೇಳುದ್ರೂ ಬೈಯಾಕಿಲ್ಲ ನೋಡಿ. ಮೇಷ್ಟ್ರಾದ್ರೆ ‘ಏನಮ್ಮ, ಹೋದ್ ವಾರ ಕಿವಿ ಮನೇಲಿ ಬುಟ್ಟುಬಂದಿದ್ಯಾ’ ಅಂದುಬುಡೋರು.” ಅವರಿಗೆ ನೂರಕ್ಕೆ ನೂರು ಬಂತು. ಆ ಹಸಿರು ಟಿಕ್ಕುಗಳನ್ನು ನನಗೆ ತೋರಿಸಿದಾಗ ಅವರ ಮುಖದಲ್ಲಿದ್ದ ಹಿಗ್ಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಏಳನೇ ತರಗತಿಗೆ ಶಾಲೆ ಬಿಡಿಸಿದ್ದರಂತೆ.

ನಾನೂ ಸಂಜೆ ಕೋಣೆಯಲ್ಲಿ ಕುಳಿತು ಅದೇ ಪಾಠ ಕೇಳುತ್ತಿದ್ದೆ. ಆ ದನಿ ಹೇಳುತ್ತಿತ್ತು: “ಯಂತ್ರವನ್ನು ಶುಚಿಗೊಳಿಸುವ ಮುನ್ನ ಹಬೆಯ ಪೂರೈಕೆಯನ್ನು ಸ್ಥಗಿತಗೊಳಿಸಿ.” ನಮ್ಮಲ್ಲಿ ಯಾರೂ ಸ್ಟೀಮಿಗೆ ಹಬೆ ಎನ್ನುತ್ತಿರಲಿಲ್ಲ. ಸ್ಥಗಿತಗೊಳಿಸಿ ಎಂಬ ಮಾತಂತೂ ಬಂದ ವಾರದಲ್ಲೇ ತಮಾಷೆಯ ಸರಕಾಯಿತು. ಕ್ಯಾಂಟೀನಿನಲ್ಲಿ ಲಕ್ಷ್ಮಣ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, “ಅಣ್ಣೋ, ಸಾರಿನ ಪೂರೈಕೇನ ಸ್ಥಗಿತಗೊಳ್ಸಿ” ಎನ್ನುತ್ತಿದ್ದ. ಗೌರಮ್ಮ ಎದುರಾದರೆ ಸೆಲ್ಯೂಟ್ ಹೊಡೆದು, “ಏನ್ ಗೌರಕ್ಕ, ನೂರಕ್ಕೆ ನೂರಂತೆ! ಬಾವನ್ನ ಸ್ಥಗಿತಗೊಳ್ಸಿ ಬಂದ್ಯಾ?” ಗೌರಮ್ಮ ಸೆರಗಿನ ತುದಿಯಿಂದ ಅವನಿಗೊಂದು ಬೀಸುತ್ತಿದ್ದರು. “ಬಾಯಿ ಮುಚ್ಚಲಾ, ನಿಂಗೆ ಎಂಬತ್ತು ಬಂದೈತಲ್ಲ, ಅದ್ನ ಹೇಳು.” ಪಾಠದ ಮಾತು ನಗಲಿಕ್ಕೆ, ಕೆಲಸದ ಮಾತು ಬೇರೆ. ಅದರಲ್ಲಿ ನಮಗ್ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ.

ಆ ವರ್ಷ ಮಳೆ ಬೇಗ ಹಿಡಿಯಿತು. ತಗಡಿನ ಚಾವಣಿಯ ಮೇಲೆ ಅದು ಸುರಿಯಲು ಶುರುವಾದರೆ ಪಕ್ಕದವರ ಮಾತೂ ಅರ್ಧ ಕೇಳುತ್ತಿರಲಿಲ್ಲ. ಮೂರನೇ ಪ್ರೆಸ್ಸಿನಲ್ಲಿ ಸ್ಟೀಮನ್ನು ತಾನಾಗಿ ಬಿಟ್ಟು ನಿಲ್ಲಿಸುವ ಭಾಗ ಕೆಟ್ಟಿತ್ತು. ಹೊಸದು ಬರುವವರೆಗೆ ಕೈಯಿಂದಲೇ ಎಂದಿದ್ದರು. ಪ್ರೆಸ್ಸಿನ ಹಿಂಬದಿಯಲ್ಲಿ, ಪೈಪಿನ ಮೇಲೆ ಒಂದು ತಿರುಗಿಸುವ ಚಕ್ರ. ಅಲ್ಲಿ ಗೌರಮ್ಮ. ಮುಂದೆ, ಅಚ್ಚಿನ ಬಾಯಲ್ಲಿ ಲಕ್ಷ್ಮಣ. ನಡುವೆ ಆಳೆತ್ತರದ ಲೋಹದ ಗೋಡೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೂಗೇ ಗತಿ. ಫೋನಿನ ಪಾಠದ ಯಂತ್ರದಲ್ಲಿ ಚಕ್ರ ಕೈಗೆಟುಕುವ ಕಡೆಯೇ ಇತ್ತು, ಬೇರೆ ಯಾರೂ ತಿರುಗಿಸದಂತೆ ಅದಕ್ಕೊಂದು ಕೆಂಪು ಬೀಗವೂ ಇತ್ತು. ನಮ್ಮ ಬೀಗಗಳು ಸ್ಟೋರಿನ ಬೀರುವಿನಲ್ಲಿದ್ದವು.

ಮೂರನೇ ಪ್ರೆಸ್ಸಿನಲ್ಲಿ ಪೈಪು ತಣ್ಣಗಾಗದಿರಲೆಂದು ಚಕ್ರವನ್ನು ಪೂರ್ತಿ ಬಿಗಿಯದೆ, ಸಣ್ಣಗೆ ಸ್ಟೀಮ್ ಹರಿಯುವಷ್ಟು ಸಡಿಲ ಇಟ್ಟಿರುತ್ತಿದ್ದರು. ಅಚ್ಚಿನ ತೂತುಗಳಲ್ಲಿ ಮಣಿ ಸಿಕ್ಕಿಕೊಂಡರೆ ಎರಡು ದಾರಿ. ಒಂದು, ಚಕ್ರವನ್ನು ಇನ್ನಷ್ಟು ತಿರುಗಿಸಿ ಸ್ಟೀಮಿನಿಂದಲೇ ಊದಿ ಹಾರಿಸುವುದು. ಇನ್ನೊಂದು, ಸ್ಟೀಮ್ ಪೂರ್ತಿ ನಿಲ್ಲಿಸಿ ಕೈ ಒಳಗೆ ಹಾಕಿ ಕಡ್ಡಿಯಿಂದ ಕೀಳುವುದು. ದಿನಕ್ಕೆ ಎಷ್ಟೋ ಸಲ ಎರಡೂ ನಡೆಯುತ್ತಿದ್ದವು. ಎಂದಿನ ಜೋಡಿಯಾಗಿದ್ದರೆ ಒಬ್ಬರ ಕೂಗು ಒಬ್ಬರಿಗೆ ರೂಢಿಯಾಗಿರುತ್ತಿತ್ತು. ಅವರಿಬ್ಬರನ್ನು ಒಂದೇ ಪ್ರೆಸ್ಸಿಗೆ ಹಾಕಿದ್ದು ಅವತ್ತೇ ಮೊದಲು.

ನಾನು ತಕ್ಕಡಿ ಒರೆಸಲು ಗೂಡಿನಿಂದ ಹೊರಗೆ ಬಂದಿದ್ದೆ. ಜೋರು ಮಳೆ. ಲಕ್ಷ್ಮಣ ಅಚ್ಚಿನೊಳಗೆ ಬಗ್ಗಿ ನೋಡಿದ. ಆಮೇಲೆ ತಲೆಯೆತ್ತಿ, ಆ ದೊಡ್ಡ ಗಂಟಲಿನಲ್ಲಿ ಕೂಗಿದ: “ಗೌರಕ್ಕೋ, ಸ್ಟೀಮ್ ತೆಗಿ!”

“ಆಯ್ತು!” ಎಂದರು ಗೌರಮ್ಮ, ಹಿಂದಿನಿಂದ.

ಅವನು ‘ಆಯ್ತು’ ಕೇಳಿಯೇ ಕೈ ಹಾಕಿದ್ದು. ಅವರು ‘ತೆಗಿ’ ಕೇಳಿಯೇ ಚಕ್ರ ತಿರುಗಿಸಿದ್ದು.

ಬಿಳಿಯ ಗೋಡೆಯೊಂದು ಅಚ್ಚಿನೊಳಗಿಂದ ಎದ್ದು ಬಂದ ಹಾಗಾಯಿತು. ಅದರೊಳಗೆ ಲಕ್ಷ್ಮಣ ಕಾಣಲಿಲ್ಲ. ಒಂದು ಕ್ಷಣ ಏನೂ ಸದ್ದಿಲ್ಲ. ಆ ಕ್ಷಣವೇ ನನಗೆ ಮತ್ತೆ ಮತ್ತೆ ಬರುವುದು, ಕೂಗಲ್ಲ. ಕೂಗು ಆಮೇಲೆ ಬಂತು. ಕೂಗು ಕೇಳಿದ್ದೇ ಗೌರಮ್ಮ ಚಕ್ರವನ್ನು ವಾಪಸ್ ತಿರುಗಿಸಿ ಓಡಿ ಬಂದರು. ನಾನು ಅವನನ್ನು ಕೈತೊಳೆಯುವ ನಲ್ಲಿಯ ಹತ್ತಿರ ಎಳೆದೊಯ್ದು ಎರಡೂ ಕೈಗಳನ್ನು ತಣ್ಣೀರಿನ ಕೆಳಗೆ ಹಿಡಿದೆ, ಗಾಡಿ ಬರುವವರೆಗೂ ಬಿಡಲಿಲ್ಲ. ಐಸ್ ಹಚ್ಚಬೇಡಿ, ಪೇಸ್ಟ್ ಹಚ್ಚಬೇಡಿ, ಹರಿಯುವ ನೀರಿನ ಕೆಳಗೆ ಹಿಡಿಯಿರಿ ಎಂದು ಹೇಳಿಕೊಟ್ಟದ್ದು ಫೋನಿನ ಆ ದನಿಯೇ. ನೀರು ಹಿಡಿದದ್ದರಿಂದ ಒಳ್ಳೆಯದಾಯಿತು ಎಂದು ಡಾಕ್ಟರು ಆಮೇಲೆ ಹೇಳಿದರು. ಆ ಪಾಠದಿಂದ ಏನೂ ಉಪಯೋಗವಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಗೌರಮ್ಮ ನಲ್ಲಿಯ ಪಕ್ಕ ನಿಂತು ಒಂದೇ ಮಾತು ಹೇಳುತ್ತಿದ್ದರು: “ತೆಗಿ ಅಂದ, ತೆಗುದೆ. ತೆಗಿ ಅಂದ, ತೆಗುದೆ.”

ಅವರ ಹೊಲದಲ್ಲಿ ಬೋರಿನ ನೀರು ಹಾಯಿಸುವಾಗ ‘ವಾಲ್ ತೆಗಿ’ ಎಂದರೆ ನೀರು ಬಿಡು ಎಂದು. ನಲ್ಲಿ ತೆಗಿ, ಬಾಗಿಲು ತೆಗಿ, ಎಲ್ಲ ಹಾಗೆಯೇ. ಲಕ್ಷ್ಮಣನ ಮನೆಯಲ್ಲಿ ಮೋಟಾರು ತಿರುಗುತ್ತಿರುವಾಗ ‘ಕರೆಂಟ್ ತೆಗಿ’ ಎಂದರೆ ನಿಲ್ಲಿಸು ಎಂದು. ಲೈಟ್ ತೆಗಿ ಎಂದರೂ ಆರಿಸುವುದೇ. ಅವನ ಪಾಲಿಗೆ ಸ್ಟೀಮ್ ಎಂಬುದು ಕರೆಂಟಿನ ಹಾಗೆ. ಅವರ ಪಾಲಿಗೆ ಅದು ನೀರಿನ ಹಾಗೆ. ಇಬ್ಬರೂ ಒಂದೇ ಪಾಠವನ್ನು ಬೇರೆ ಬೇರೆ ಕಡೆ ಕುಳಿತು ಕೇಳಿದ್ದರು, ಇಬ್ಬರೂ ಪಾಸಾಗಿದ್ದರು. ಮೇಷ್ಟ್ರ ಕೋಣೆ ಇದ್ದಿದ್ದರೆ ಈ ಮಾತು ಅಲ್ಲಿ ಬರುತ್ತಿತ್ತೇ? ಹೇಳಲಾರೆ. ಗೌರಮ್ಮ ಅಲ್ಲಿಯೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದರೇನೋ. ಆದರೆ ಅಲ್ಲಿ ಲಕ್ಷ್ಮಣ ಸುಮ್ಮನಿರುತ್ತಿರಲಿಲ್ಲ. ಅವನು ಬಾಯಿ ಬಿಟ್ಟರೆ ಅವರ ಕಿವಿಗಾದರೂ ಬೀಳುತ್ತಿತ್ತು. ಇಲ್ಲಿಗೆ ಬಂದು ನನ್ನ ಯೋಚನೆ ಪ್ರತಿ ಸಲವೂ ನಿಲ್ಲುತ್ತದೆ.

ಆಮೇಲಿನ ದಿನಗಳಲ್ಲಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ವಿಚಾರಣೆ ಮುಗಿಯುವವರೆಗೆ ಗೌರಮ್ಮ ಬರಕೂಡದೆಂದು ಹೇಳಿದ್ದರು. ಮಾತು ಕೇಳಿದವಳು ನಾನೊಬ್ಬಳೇ ಎಂದು ಎಲ್ಲರಿಗೂ ಗೊತ್ತಾಗಿತ್ತು. ಪ್ಯಾಕಿಂಗಿನ ಹೆಂಗಸೊಬ್ಬಳು ಹತ್ತಿರ ಬಂದು, “ಮೇಡಮ್, ಸ್ಟೀಮ್ ಬುಡು ಅಂತ ಅಂದ ಅಂದುಬುಡಿ, ಮುಗೀತು. ಆಯಮ್ಮನ ಕೆಲ್ಸ ಉಳ್ಕತದೆ” ಎಂದಳು. ಆಸ್ಪತ್ರೆಗೆ ಹೋದರೆ ಲಕ್ಷ್ಮಣನ ಅಣ್ಣ ನನ್ನನ್ನು ವರಾಂಡಕ್ಕೆ ಕರೆದ. “ನಿಲ್ಸು ಅಂತ ಅಂದ ಅಂತ ಹೇಳಿ ಮೇಡಮ್. ತಪ್ಪು ಅವ್ನದೇ ಅಂತಾದ್ರೆ ವಾಪಸ್ ಕೆಲ್ಸಕ್ಕೆ ಸೇರುಸ್ಕಳಾಕಿಲ್ವಂತೆ.” ಇಬ್ಬರಿಗೂ ನಾನು ಅದೇ ಉತ್ತರ ಕೊಟ್ಟೆ. ಅವನು ತೆಗಿ ಎಂದ, ನಾನು ಅದನ್ನೇ ಹೇಳುತ್ತೇನೆ. ಅಂದಿನಿಂದ ಹೆಂಗಸರೂ ನನ್ನ ಜೊತೆ ಮಾತು ಬಿಟ್ಟರು, ಗಂಡಸರೂ ಬಿಟ್ಟರು. ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಕಂಪನಿ ಬಸ್ಸಿನ ಡ್ರೈವರಿಗೆ ನಮಸ್ಕಾರ ಹೇಳುವವರೆಗೆ ನನ್ನ ದನಿಯೇ ನನಗೆ ಕೇಳುತ್ತಿರಲಿಲ್ಲ.

ವಿಚಾರಣೆಯೂ ಫೋನಿನ ಪಾಠದ ಹಾಗೆಯೇ ನಡೆಯಿತು. ಮ್ಯಾನೇಜರ ಕೋಣೆಯಲ್ಲಿ ಒಂದು ಪರದೆ, ಅದರಲ್ಲಿ ಎಲ್ಲೋ ದೂರದ ಮುಖ್ಯ ಕಚೇರಿಯ ಒಬ್ಬ ಅಧಿಕಾರಿ. ಪಕ್ಕದಲ್ಲಿ ಎಚ್‌ಆರ್‌ನ ಗಿರೀಶ್ ಸರ್ ಟೈಪ್ ಮಾಡಿಕೊಳ್ಳುತ್ತಿದ್ದರು. ಅಧಿಕಾರಿಗೆ ಕನ್ನಡ ಬಾರದು. ಕೆಟ್ಟವರೇನಲ್ಲ, ಮೊದಲು ಲಕ್ಷ್ಮಣನ ಕೈ ಹೇಗಿದೆ ಎಂದೇ ವಿಚಾರಿಸಿದರು. ಆಮೇಲೆ ಅವನು ಕೂಗಿದ್ದೇನು ಎಂದು ಕೇಳಿದರು.

“ಸ್ಟೀಮ್ ತೆ‌ಗಿ,” ಎಂದೆ.

ಹಾಗೆಂದರೆ? ಗಿರೀಶ್ ಸರ್ ನನ್ನ ಕಡೆ ತಿರುಗಿದರು. “ಇಂಗ್ಲಿಷಲ್ಲಿ ಓಪನ್ ಅಂತ ಹಾಕ್ಲಾ, ಕ್ಲೋಸ್ ಅಂತ ಹಾಕ್ಲಾ?”

“ಎರಡೂ ಅಲ್ಲ ಸರ್. ತೆಗಿ ಅಂತಲೇ ಹಾಕಿ.”

ನನಗೆ ಬಂದ ಇಂಗ್ಲಿಷಿನಲ್ಲಿ ನಲ್ಲಿಯ ಮಾತು, ಲೈಟಿನ ಮಾತು ಎಲ್ಲ ಬಿಡಿಸಿ ಹೇಳಿದೆ. ಅಧಿಕಾರಿ ತಾಳ್ಮೆಯಿಂದ ಕೇಳಿದರು. ಕೊನೆಗೆ, ಒಂದೇ ಪದ ತೆರೆ ಎಂದೂ ಮುಚ್ಚು ಎಂದೂ ಹೇಗಾಗುತ್ತದೆ, ಅವನು ಒಂದನ್ನು ತಾನೇ ಹೇಳಿರಬೇಕು, ಯಾವುದು ಎಂದರು. ನಾನು ಮತ್ತೆ ಹೇಳಲು ಹೊರಟೆ. ಅಷ್ಟರಲ್ಲಿ ಪರದೆ ನಿಂತಿತು, ಅವರ ಬಾಯಿ ಅರ್ಧ ತೆರೆದ ಹಾಗೆಯೇ. ನೆಟ್‌ವರ್ಕ್ ವಾಪಸ್ ಬಂದಾಗ ನನ್ನನ್ನು ಹೊರಗೆ ಕಳಿಸಿದರು.

“ಸುಮ್ನೆ ಒಂದು ಹೇಳ್ಬಿಡಬಾರ್ದಿತ್ತಾ?” ಎಂದರು ಗಿರೀಶ್ ಸರ್, ಬಾಗಿಲ ಹತ್ತಿರ. “ಇಬ್ರಲ್ಲಿ ಒಬ್ರನ್ನ ತೆಗೀಲೇಬೇಕು.”

ತಾವು ಯಾವ ಮಾತು ಬಳಸಿದೆವೆಂದು ಅವರಿಗೆ ಹೊಳೆಯಲಿಲ್ಲ. ನಗು ಬರಬೇಕಿತ್ತು, ಬರಲಿಲ್ಲ.

ವಾರದೊಳಗೆ ಗೌರಮ್ಮನನ್ನು ತೆಗೆದರು. ಪಾಠ ಮುಗಿಸಿ ಪೂರ್ತಿ ಅಂಕ ತೆಗೆದವರು, ಗೊತ್ತಿದ್ದೂ ಮಾಡಿದ್ದಾರೆ ಎಂಬುದು ಕಾರಣ. ಅವರು ಹೋದ ದಿನ ನನ್ನದು ಎರಡನೇ ಪಾಳಿ, ಗೊತ್ತಾಗುವ ಹೊತ್ತಿಗೆ ಗೇಟು ದಾಟಿದ್ದರು. ಫೋನ್ ಮಾಡಿದೆ, ನಂಬರು ಚಾಲ್ತಿಯಲ್ಲಿಲ್ಲ. ತಂಗಿಯ ಮನೆ ಯಾವ ಬೀದಿಯಲ್ಲೆಂದು ನನಗೆ ತಿಳಿಯದು. ಲಕ್ಷ್ಮಣ ಕೈ ವಾಸಿಯಾದ ಮೇಲೂ ಕೆಲಸಕ್ಕೆ ಬರಲಿಲ್ಲ, ಅಣ್ಣನ ಜೊತೆ ಬೊಂಬೆಗೆ ಬಣ್ಣ ಹಚ್ಚುತ್ತಿದ್ದಾನೆ ಎಂದು ಕೇಳಿದೆ. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲವಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ನಾನೂ ಬಿಟ್ಟೆ. ಮಾಗಡಿಯ ಲ್ಯಾಬಿನಲ್ಲಿ ಗ್ಯಾಸಿನ ಬರ್ನರುಗಳಿವೆ. ಹಚ್ಚಿ, ಆರಿಸಿ ಎನ್ನುತ್ತೇನೆ. ಇನ್ನೊಂದು ಮಾತನ್ನು ಹುಡುಗರೂ ನನ್ನೆದುರು ಆಡುವುದಿಲ್ಲ, ಏಕೆಂದು ಅವರಿಗೆ ಗೊತ್ತಿಲ್ಲ.

ಗೇಟಿನಲ್ಲಿ ಚೆಲುವಣ್ಣ ನೀರಿನ ಬಾಟಲಿ ಕೊಟ್ಟ. “ಯಾಕ್ ಮೇಡಮ್, ಬಿಸ್ಲಾ?” ಎಂದ. ನಾನು ಸರ್ಟಿಫಿಕೇಟಿಗೆ ಕಾಯಲಿಲ್ಲ. ಮಾಗಡಿಯ ಬಸ್ಸಿಗೂ ಹೋಗಲಿಲ್ಲ. ರಾಮನಗರಕ್ಕೆ, ಅಲ್ಲಿಂದ ಕನಕಪುರಕ್ಕೆ, ಅಲ್ಲಿಂದ ಕೋಡಿಹಳ್ಳಿಗೆ ಹೋದೆ.

ಬಸ್ಸಿಳಿದು ಅಂಗಡಿಯವನನ್ನು ಕೇಳಿದೆ. ಬಿಡದಿ ಥರ್ಮೊಕೋಲ್ ಕಂಪನಿಗೆ ಹೋಗುತ್ತಿದ್ದ ಗೌರಮ್ಮ ಎಂದೆ.

“ಓ, ಕೈ ಬೇಯ್ಸಿದ್ ಗೌರಮ್ಮನಾ? ನೀರಿನ್ ಟ್ಯಾಂಕ್ ದಾಟಿ ಹೋಗಿ, ನೀಲಿ ಬಾಗ್ಲು.”

ಊರಿನಲ್ಲಿ ಅವರ ಹೆಸರು ಹಾಗಾಗಿತ್ತು.

ಗೌರಮ್ಮ ಅಂಗಳದಲ್ಲಿ ಹಸುವಿಗೆ ಮೇವು ಕತ್ತರಿಸುತ್ತಿದ್ದರು. ಜಗಲಿಯಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕಂಡು ಗೌರಮ್ಮ ಏಳಲಿಲ್ಲ. “ಏನ್ ಮೇಡಮ್ಮೋರು ಈ ಕಡೆ?” ಎಂದರು. ಕೈ ಮೇವಿನ ಮೇಲೆಯೇ ಇತ್ತು.

“ಗೌರಮ್ಮ, ನನಗೆ ಕೇಳಿಸಿತ್ತು.”

ಕುಡುಗೋಲು ನಿಂತಿತು. “ಏನು ಕೇಳುಸ್ತು?”

“ಸ್ಟೀಮ್ ತೆಗಿ ಅಂದ ಲಕ್ಷ್ಮಣ. ನಾನು ಅವತ್ತೇ ಹೇಳಿದೆ. ಅವರು ನಿಮಗೆ ಹೇಳಿದ್ದು ಬೇರೆ. ನನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ.”

“ಬುಡಿ. ನಂಗೆ ಬೇಜಾರಾಗ್ದೇ ಇರ್ಲಿ ಅಂತ ಹೇಳ್ತಾ ಇದ್ದೀರಿ.”

“ಇಲ್ಲ. ತೆಗಿ ಅಂತಲೇ ಅಂದ. ನೀವು ಆಯ್ತು ಅಂದ್ರಿ.”

‘ಆಯ್ತು’ ಎಂಬ ಮಾತಿಗೆ ಅವರು ತಲೆಯೆತ್ತಿ ನನ್ನನ್ನು ನೋಡಿದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲವಂತೆ. ಆಮೇಲೆ ಮೇವಿನ ಕಡೆ ನೋಡುತ್ತಾ ಹೇಳಿದರು: “ಅವ್ನು ಏನೂ ಅಂದೇ ಇರ್ನಿಲ್ವೇನೋ, ನಾನೇ ಸುಮ್‌ಸುಮ್ಕೆ ತಿರುಗುಸ್ಬುಟ್ನೇನೋ ಅಂದ್ಕಂಡ್ಬುಟ್ಟಿದ್ದೆ. ಪಕ್ದಾಗೇ ಇದ್ದ ನಿಮ್ಗೆ ಕೇಳುಸ್ನಿಲ್ಲ ಅಂದ್ಮ್ಯಾಕೆ ನಂಗೆ ಕೇಳುಸಿದ್ದು ಯಾವ್ ದೆವ್ವದ ದನಿ? ಬೋರಿನ ವಾಲ್ ಮುಟ್ಟಾಕೂ ಕೈ ಬರಾಕಿಲ್ಲ. ಎಲ್ಲ ನಮ್ಮನೆಯೋರೇ ಮಾಡ್ತಾರೆ.” ಆಮೇಲೆ ಜಗಲಿಯ ಕಡೆ ತಿರುಗಿದರು. “ಅತ್ತೆ, ಕೇಳುಸ್ಕಂಡ್ರಾ?”

“ಏನವ್ವ?”

“ಅವ್ರ್ಗೆ ಕಿವಿ ಒಸಿ ದೂರ. ಜೋರಾಗಿ ಹೇಳಿ ಮೇಡಮ್ಮೋರೆ.”

ನಾನು ಜೋರಾಗಿ ಹೇಳಿದೆ. ಮುದುಕಿ ಕಿವಿಗೆ ಕೈ ಇಟ್ಟುಕೊಂಡರು.

“ಇನ್ನೂ ಜೋರಾಗಿ. ಅವ್ನು ಹೆಂಗಂದ್ನೋ ಹಂಗೇ ಅನ್ನಿ.”

ಎರಡು ವರ್ಷದಿಂದ ಆ ಕೂಗು ನನ್ನ ತಲೆಯೊಳಗೆ ಕೇಳುತ್ತಲೇ ಇದೆ. ಬಾಯಿಂದ ಹೊರಗೆ ಬಂದದ್ದು ಅಂದೇ ಮೊದಲು. ನಾನು ಅಂಗಳದ ನಡುವೆ ನಿಂತು, ಕಣ್ಣು ಮುಚ್ಚಿ, ಇದ್ದ ಉಸಿರೆಲ್ಲ ಹಾಕಿ ಕೂಗಿದೆ: “ಗೌರಕ್ಕೋ, ಸ್ಟೀಮ್ ತೆಗಿ!”

ಹಸು ಬೆಚ್ಚಿ ಹಿಂದೆ ಸರಿಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕು ನಿಂತಿತು. ಪಕ್ಕದ ಮನೆಯ ಗೋಡೆಯ ಮೇಲೆ ಒಂದು ತಲೆ ಎದ್ದಿತು.

“ತೆಗಿ ಅಂದ್ರೆ ತೆಗೀದೆ ಇನ್ನೇನು ಮಾಡಾಳು ನನ್ ಸೊಸೆ?” ಎಂದರು ಮುದುಕಿ, ಊರಿಗೆಲ್ಲ ಕೇಳುವ ಹಾಗೆ.

“ಅಯ್, ಹಂಗಂದ್ರೆ ಆಫ್ ಮಾಡು ಅಂತ ಕಣಜ್ಜಿ,” ಎಂದಿತು ಗೋಡೆಯ ಮೇಲಿನ ತಲೆ. “ಕರೆಂಟ್ ತೆಗುದ್ರು ಅನ್ನಾಕಿಲ್ವಾ?”

“ನಿಮ್ಮವ್ವ ನಲ್ಲಿ ತೆಗಿ ಅಂದ್ರೆ ನಿಲ್ಸೀಯೇನ್ಲಾ ನೀನು?”

ಬೈಕಿನವನು ಇಳಿದು ಬಂದು ಮುದುಕಿಯ ಪರ ಸೇರಿದ. ಗೋಡೆಯ ಆಚೆಯಿಂದ ಹೆಂಗಸೊಬ್ಬಳು ಗ್ಯಾಸಿನ ಮಾತು ತೆಗೆದಳು. ನಾಲ್ಕು ಮಾತಿಗೆ ಎಂಟು ಮಾತಾಗಿ ಅಂಗಳವೆಲ್ಲ ಗದ್ದಲ. ಗೌರಮ್ಮ ಆ ಜಗಳಕ್ಕೆ ಸೇರಲಿಲ್ಲ. ಎದ್ದು ಬಂದು ನನ್ನ ರಟ್ಟೆ ಹಿಡಿದರು.

“ಕುಂತ್ಕಳಿ. ಮೈಯೆಲ್ಲ ನಡುಗ್ತಾ ಐತಲ್ಲ ನಿಮ್ಗೆ. ನಿಮ್ಗೂ ಹಿಂಗೇನಾ?”

ಹೌದು ಎಂದು ತಲೆಯಾಡಿಸಿದೆ. ಅವರು ನೀರು ತಂದರು, ಕುಡಿಯುವವರೆಗೆ ಪಕ್ಕದಲ್ಲೇ ಕುಳಿತರು. ಬಸ್ಸಿಗೆ ಹೊತ್ತಾಗುತ್ತದೆ ಎಂದೆ.

“ನಾಳೆ ಹೋಗೀರಂತೆ ಇರಿ. ಸಾತನೂರು, ಕಬ್ಬಾಳು ಮ್ಯಾಲೆ ಚನ್ನಪಟ್ಟಣುಕ್ಕೆ ಹೋಗಾನ, ನಾನೂ ಬತ್ತೀನಿ.” ಸೆರಗಿನಿಂದ ಮುಖ ಒರೆಸಿಕೊಂಡರು. “ಕೈ ಹೆಂಗೈತಲಾ ಅಂತ ಅವ್ನ ಕೇಳ್ಬೇಕು. ಇಷ್ಟು ದಿನ ಕೇಳಾಕೆ ನಂಗೆ ಮೊಕ ಇರ್ನಿಲ್ಲ.”